ನೈಟ್ ಡ್ಯೂಟಿ ಬಿಟ್ಟು ಶಾಲೆ, ಅಂಗನವಾಡಿ ತಪಾಸಣೆ ಕೆಲಸಕ್ಕೆ ಹೋಗಲಾ? ಗೊತ್ತಿರುವವರು ಹೇಳಿ

ಚಳ್ಳಕೆರೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಮೂರು ವರ್ಷ ಆಯಿತು. ಬೆಂಗಳೂರಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ಇದ್ದೇನೆ, ಹೆಸರು ಬೇಡ. ತಿಂಗಳಲ್ಲಿ ಅರ್ಧ ರಾತ್ರಿಪಾಳಿ. ಪಿಜಿ ಬಾಡಿಗೆ ಕಟ್ಟಿ ಮನೆಗೆ ಸ್ವಲ್ಪ ಕಳಿಸಿದರೆ ತಿಂಗಳ ಇಪ್ಪತ್ತಕ್ಕೆ ಕೈ ಖಾಲಿ. ಈಗ ನಮ್ಮ ಜಿಲ್ಲೆಯಲ್ಲಿ ಆರ್‌ಬಿಎಸ್‌ಕೆ (ಶಾಲೆ, ಅಂಗನವಾಡಿಗೆ ಹೋಗಿ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮ) ತಂಡಕ್ಕೆ ಗುತ್ತಿಗೆ ಮೇಲೆ ಸ್ಟಾಫ್ ನರ್ಸ್ ಬೇಕು ಅಂತ ಪ್ರಕಟಣೆ ಬಂದಿದೆ ಎಂದು ಗೆಳತಿ ಫೋಟೋ ಕಳಿಸಿದಳು. ಅಪ್ಪ ಮಾತ್ರ "ಇರೋ ಕೆಲಸ ಬಿಟ್ಟು ಹನ್ನೊಂದು ತಿಂಗಳ ಗುತ್ತಿಗೆಗೆ ಹೋಗ್ತೀಯಾ" ಅಂತ ರೇಗುತ್ತಾರೆ. ಇರೋ ಕೆಲಸಕ್ಕೂ ಯಾರೂ ನನಗೆ ಒಂದು ಕಾಗದ ಕೊಟ್ಟಿಲ್ಲ, ಅದು ಅಪ್ಪನಿಗೆ ಗೊತ್ತಿಲ್ಲ 🙂

ನನ್ನ ಪ್ರಶ್ನೆ ಇಷ್ಟೇ. ಈ ಕೆಲಸದಲ್ಲಿ ದಿನಾ ಏನು ಮಾಡಬೇಕು? ಮಕ್ಕಳ ತೂಕ, ಎತ್ತರ ಬರೆದುಕೊಂಡು ಬರುವುದಷ್ಟೇನಾ? ಐದು ವರ್ಷ ಆದ ಮೇಲೆ ನಾನು ಎಲ್ಲಿರುತ್ತೇನೆ? ಇದೇ ತರಹದ ಬೇರೆ ಕೆಲಸಗಳಿದ್ದರೆ ಅದನ್ನೂ ಹೇಳಿ.

ಜೀಪಿನ ಡಾಕ್ಟ್ರು:
ನಾನು ಬಿಎಎಂಎಸ್, ಆಯುರ್ವೇದ ಡಾಕ್ಟರು. ಇದೇ ತಂಡದಲ್ಲಿ ಏಳನೇ ವರ್ಷ. ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ಆರ್‌ಬಿಎಸ್‌ಕೆ, ಶುರುವಾಗಿದ್ದು 2013ರಲ್ಲಿ. ನಿಯಮದ ಪ್ರಕಾರ ಒಂದು ತಂಡದಲ್ಲಿ ನಾಲ್ಕು ಜನ. ಇಬ್ಬರು ಆಯುಷ್ ಡಾಕ್ಟರು (ಒಬ್ಬ ಗಂಡು, ಒಬ್ಬ ಹೆಣ್ಣು), ಒಬ್ಬ ನರ್ಸ್ ಅಥವಾ ಎಎನ್‌ಎಂ (ಸಹಾಯಕ ನರ್ಸ್), ಒಬ್ಬ ಫಾರ್ಮಾಸಿಸ್ಟ್. ಜೊತೆಗೆ ಬಾಡಿಗೆ ಗಾಡಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ನಮ್ಮ ಲೆಕ್ಕಕ್ಕೆ ಬರುತ್ತಾರೆ. ಹುಡುಕುವುದು ನಾಲ್ಕು ಬಗೆ: ಹುಟ್ಟಿನಿಂದಲೇ ಬಂದ ದೋಷ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ಹಿಂದೆ ಬಿದ್ದಿರುವುದು. ಸೀಳು ತುಟಿ, ತಿರುಚಿದ ಪಾದ, ಹೃದಯದ ತೂತು, ರಕ್ತಹೀನತೆ, ದೃಷ್ಟಿದೋಷ, ಹುಳುಕು ಹಲ್ಲು, ಮಾತು ತಡ, ಹೀಗೆ.

ನರ್ಸ್ ಕೆಲಸ ಅಂದರೆ ತೂಕ, ಎತ್ತರ, ಚಿಕ್ಕ ಮಕ್ಕಳಿಗೆ ತೋಳಿನ ಸುತ್ತಳತೆ ಟೇಪು, ಕಣ್ಣಿನ ಚಾರ್ಟ್, ಹೆಣ್ಣುಮಕ್ಕಳ ಜೊತೆ ಮಾತು, ಆಮೇಲೆ ರಿಜಿಸ್ಟರ್, ಆಮೇಲೆ ಅದೇ ರಿಜಿಸ್ಟರ್ ಮೊಬೈಲಿನಲ್ಲಿ. ಇಷ್ಟನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯುತ್ತಾರೆ. ಅಸಲಿ ಕೆಲಸ ಅದಲ್ಲ. ಬೆಳಿಗ್ಗೆ ಒಂದು ಮಗು ಸಿಕ್ಕಿತು, ಎದೆಯಲ್ಲಿ ಮರ್ಮರ್ (ಹೃದಯದ ಅಸಹಜ ಶಬ್ದ) ಕೇಳಿತು, ಚೀಟಿ ಬರೆದೆವು, ಗಾಡಿ ಹತ್ತಿದೆವು. ಆ ಚೀಟಿ ಹಿಡಿದುಕೊಂಡು ಆ ತಾಯಿ ಜಿಲ್ಲಾ ಆಸ್ಪತ್ರೆಗೆ ಹೋದಳಾ? ಹೋಗಿಲ್ಲದಿದ್ದರೆ ಯಾಕೆ? ಕೂಲಿ ತಪ್ಪುತ್ತದೆ ಅಂತಲೋ, ಗಂಡ ಬೇಡ ಅಂದ ಅಂತಲೋ, ಅಥವಾ ಸುಮ್ನೆ ಭಯವೋ? ಅದನ್ನು ಹಿಂದೆ ಬಿದ್ದು ಕೇಳುವವರು ತಂಡದಲ್ಲಿ ಒಬ್ಬರಾದರೂ ಇರಬೇಕು. ನನ್ನ ಅನುಭವದಲ್ಲಿ ಅದು ಯಾವಾಗಲೂ ನರ್ಸೇ ಆಗಿರುತ್ತಾರೆ, ಯಾಕೆಂದರೆ ತಾಯಂದಿರು ಫೋನ್ ಎತ್ತುವುದು ಅವರಿಗೆ ಮಾತ್ರ.

ಎಲ್ಲಾ ನೋಡಿದವನು:
ಡಾಕ್ಟ್ರೇ, ಕೇಳೋಕೆ ಚೆನ್ನಾಗಿದೆ. ನಮ್ಮೂರಿನ ಶಾಲೆಗೆ ಒಂದು ತಂಡ ಬಂದಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಬಂದು, ಇನ್ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಾಯಿ ತೆಗಿ, ನಾಲಿಗೆ ಚಾಚು, ಮುಂದೆ ಹೋಗು. ಎರಡು ಗಂಟೆಗೆ ಊಟ ಮಾಡಿ ಹೊರಟರು. ಇದಕ್ಕೆ ತಪಾಸಣೆ ಅಂತಾರಾ? ಕಣ್ಣಿನ ಚಾರ್ಟ್ ಗಾಡಿಯಿಂದ ಇಳಿಯಲೇ ಇಲ್ಲ.

ಜೀಪಿನ ಡಾಕ್ಟ್ರು:
ಸುಳ್ಳು ಅನ್ನುವುದಿಲ್ಲ. ಗುರಿ ಅಂತ ಒಂದು ಸಂಖ್ಯೆ ಇರುತ್ತದೆ, ಗಾಡಿ ಕೆಟ್ಟು ಎರಡು ದಿನ ಹೋದರೆ ಮೂರನೇ ದಿನ ಅದನ್ನು ತುಂಬಿಸಬೇಕು, ಆಗ ನೀವು ಹೇಳಿದ ಸಾಲು ಆಗುತ್ತದೆ. ನಾನೂ ಅಂಥ ದಿನ ಕಳೆದಿದ್ದೇನೆ. ಹೆಮ್ಮೆಯ ವಿಷಯ ಅಲ್ಲ. ಆದರೆ ತಂಗಿ ಕೇಳಿದ್ದು ಕೆಲಸಕ್ಕೆ ಸೇರಲಾ ಅಂತ, ಕೆಟ್ಟ ದಿನವೂ ಇರುತ್ತದೆ ಅಂತ ತಿಳಿದೇ ಸೇರಲಿ.

ಮೈಸೂರು ಕಡೆ ಮೇಷ್ಟ್ರು:
ನಾನು ಹಿರಿಯ ಪ್ರಾಥಮಿಕ ಶಾಲೆ ಶಿಕ್ಷಕ. ನಮ್ಮ ಶಾಲೆಯಲ್ಲಿ ಆರೋಗ್ಯ ರಾಯಭಾರಿ ಅಂತ ಇಬ್ಬರು ಶಿಕ್ಷಕರಿಗೆ ಹೆಸರು ಕೊಟ್ಟಿದ್ದಾರೆ, ಒಬ್ಬ ಗಂಡು, ಒಬ್ಬ ಹೆಣ್ಣು. 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದ ಪದ್ಧತಿ ಇದು. ಹೆಸರು ದೊಡ್ಡದು, ಸಂಬಳ ಅದೇ 😀

ಎರಡು ಬಗೆಯ ತಂಡ ನೋಡಿದ್ದೇನೆ. ಒಂದು ತಂಡ ಬಂದ ಕೂಡಲೇ "ಹಾಜರಿ ಪುಸ್ತಕ ಕೊಡಿ ಸರ್" ಅನ್ನುತ್ತದೆ. ಇನ್ನೊಂದು ತಂಡದ ನರ್ಸಮ್ಮ ಒಬ್ಬರು ಇದ್ದರು, ಬಂದ ಕೂಡಲೇ "ಸರ್, ಹಿಂದಿನ ಬೆಂಚಿನಲ್ಲಿ ಯಾರು ಕೂರುತ್ತಾರೆ, ಇವತ್ತು ಯಾರು ಬಂದಿಲ್ಲ" ಅಂತ ಕೇಳುತ್ತಿದ್ದರು. ಒಬ್ಬ ಹುಡುಗ ಎಷ್ಟು ಕೂಗಿದರೂ ಓಗೊಡುತ್ತಿರಲಿಲ್ಲ, ನಾವೆಲ್ಲ ಅವನನ್ನು ಹಠಮಾರಿ ಅಂತಲೇ ಅಂದುಕೊಂಡಿದ್ದೆವು. ಆಯಮ್ಮ ಹತ್ತಿರ ಕೂರಿಸಿಕೊಂಡು ಟಾರ್ಚ್ ಬಿಟ್ಟರೆ ಎರಡೂ ಕಿವಿ ಸೋರುತ್ತಿತ್ತು. ಮನೆಯವರು ವರ್ಷಗಟ್ಟಲೆ ಬಿಸಿ ಎಣ್ಣೆ ಬಿಟ್ಟಿದ್ದಾರೆ. ಕಿವಿ ಸೋರುವುದನ್ನು ನಮ್ಮ ಕಡೆ ಕಾಯಿಲೆ ಅಂತ ಯಾರೂ ಎಣಿಸುವುದಿಲ್ಲ, "ಚಿಕ್ಕವರಿಗೆ ಹಾಗೇ, ದೊಡ್ಡವನಾದರೆ ನಿಲ್ಲುತ್ತೆ" ಅಂತಾರೆ. ನಾನು ಅವನಿಗೆ ಎಷ್ಟು ಸಲ ಬೈದಿದ್ದೆ ಅಂತ ಈಗಲೂ ನೆನಪಾಗುತ್ತದೆ.

ಇನ್ನು ಮಾತ್ರೆ ವಿಷಯ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ದೊಡ್ಡ ಮಕ್ಕಳಿಗೆ ನೀಲಿ, ಚಿಕ್ಕವರಿಗೆ ಗುಲಾಬಿ. ಊಟ ಆದ ಮೇಲೆ ಕೊಡಬೇಕು, ಬರೀ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿ ಬರುತ್ತದೆ. ಮಲ ಕಪ್ಪಗೆ ಹೋಗುತ್ತದೆ ಎಂದು ಮೊದಲೇ ಹೇಳದಿದ್ದರೆ ಮರುದಿನ ಬೆಳಿಗ್ಗೆ ಗೇಟಿನಲ್ಲಿ ಐದು ಜನ ತಾಯಂದಿರು. ಜಂತುಹುಳು ಮಾತ್ರೆ ವರ್ಷಕ್ಕೆ ಎರಡು ಸಲ, ಫೆಬ್ರುವರಿ 10, ಆಗಸ್ಟ್ 10ರ ಆಸುಪಾಸು. ಆಲ್ಬೆಂಡಜೋಲ್ 400 ಮಿ.ಗ್ರಾಂ, ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ. ಅಗಿದು ನುಂಗಬೇಕು. ನಮ್ಮ ಶಾಲೆಯ ಕಿಟಕಿ ಕೆಳಗೆ ಒಂದು ಸಲ ಗುಡಿಸಿದಾಗ ಸಿಕ್ಕ ನೀಲಿ ಮಾತ್ರೆ ಎಣಿಸಿದ್ದರೆ ರಿಪೋರ್ಟಿನ ಬಣ್ಣ ಬಯಲಾಗುತ್ತಿತ್ತು. ಈಗ ನಮ್ಮ ಎದುರೇ ನುಂಗಿಸುತ್ತೇವೆ, ನಾವೂ ಒಂದು ನುಂಗುತ್ತೇವೆ.

ಆಶಾ ಅಕ್ಕ:
ಮೇಷ್ಟ್ರು ಹೇಳಿದ್ದು ಸರಿ. ತಂಗೀ, ನೀನು ಆ ಕೆಲಸಕ್ಕೆ ಬಂದರೆ ಮೊದಲು ಪರಿಚಯ ಮಾಡಿಕೊಳ್ಳಬೇಕಾದ್ದು ಊರಿನ ಆಶಾ ಮತ್ತು ಅಂಗನವಾಡಿ ಟೀಚರನ್ನ. ಯಾವ ಮನೆಯಲ್ಲಿ ಮಗು ಕುಂಟುತ್ತದೆ, ಯಾವ ಮನೆಯಲ್ಲಿ ಮಗುವನ್ನು ಹೊರಗೇ ಬಿಡುವುದಿಲ್ಲ ಅಂತ ನಮಗೆ ಗೊತ್ತು. ತಾಯಿ ಕಾರ್ಡ್ ನೋಡದೇ ಹೇಳುತ್ತೇವೆ.

ನಾನು 2009ರಿಂದ ಆಶಾ. ಸಾವಿರ ಜನಕ್ಕೆ ಒಬ್ಬ ಆಶಾ ಅಂತ ಲೆಕ್ಕ. ಇದನ್ನು ಕೆಲಸ ಅಂತ ಯಾರೂ ಕರೆಯುವುದಿಲ್ಲ, ಕಾಗದದಲ್ಲಿ ನಾವು ಸ್ವಯಂಸೇವಕಿಯರು. ಸಂಬಳ ಅಲ್ಲ, ಗೌರವಧನ ಮತ್ತು ಮಾಡಿದ ಕೆಲಸಕ್ಕೆ ಇಷ್ಟಿಷ್ಟು ಪ್ರೋತ್ಸಾಹಧನ. 2025ರ ಜನವರಿಯಲ್ಲಿ ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ಸಿಗುವಂತೆ ಮಾಡುತ್ತೇವೆ ಎಂಬ ಭರವಸೆ ಬಂತು. ನಾವು ಕೇಳಿದ್ದು 15,000. ಅದರ ಕತೆ ಬೇರೆ, ಇಲ್ಲಿ ಬೇಡ. ನಿನಗೆ ಹೇಳುವುದು ಏನೆಂದರೆ, ನಿನ್ನ ಪ್ರಕಟಣೆಯಲ್ಲಿ "ಕ್ರೋಢೀಕೃತ ವೇತನ" (ಎಲ್ಲಾ ಸೇರಿಸಿ ಒಂದೇ ಮೊತ್ತ) ಅಂತ ಬರೆದಿದ್ದರೆ ಅದಕ್ಕಿಂತ ಮೇಲೆ ಏನೂ ನಿರೀಕ್ಷಿಸಬೇಡ.

ಮೈಸೂರು ಕಡೆ ಮೇಷ್ಟ್ರು:
ಗೌರವಧನ ಅಂದಾಗ ನೆನಪಾಯಿತು. ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ಮೊದಲ 33 ಕಡೆಗಳಲ್ಲಿ ನಮ್ಮ ತಿ. ನರಸೀಪುರವೂ ಒಂದು. ಐವತ್ತು ವರ್ಷ ಆಯಿತು, ಪದ ಇನ್ನೂ ಗೌರವಧನವೇ. 2022ರಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರಿಗೂ ಗ್ರಾಚ್ಯುಯಿಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಸಲ್ಲಬೇಕು ಅಂತ ಹೇಳಿತಲ್ಲ, ಅಷ್ಟೇ ಒಂದು ಸಮಾಧಾನ.

ಗದಗ ಸಿಎಚ್‌ಒ:
ಚಳ್ಳಕೆರೆ ತಂಗಿ, ಐದು ವರ್ಷದ ಮೇಲೆ ಎಲ್ಲಿ ಅಂತ ಕೇಳಿದ್ದೀರಿ. ಆ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ.

ನಾನೂ ಜಿಎನ್‌ಎಂ. ಮೂರು ವರ್ಷ ಆಸ್ಪತ್ರೆ, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ (ಜಿಎನ್‌ಎಂ ಆದವರು ಮಾಡುವ ಪದವಿ), ಆಮೇಲೆ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ. ಹಳೇ ಸಬ್ ಸೆಂಟರನ್ನೇ 2018ರಿಂದ ಆರೋಗ್ಯ ಕ್ಷೇಮ ಕೇಂದ್ರ ಮಾಡಿದರು, ಈಗ ಬೋರ್ಡ್ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತಿದೆ. ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು, ಗುಡ್ಡಗಾಡಿನಲ್ಲಿ 3,000ಕ್ಕೆ. ಅಲ್ಲಿ ಡಾಕ್ಟರು ಇರುವುದಿಲ್ಲ, ನಾವೇ. 30 ದಾಟಿದವರ ಬಿಪಿ, ಶುಗರ್ ನೋಡುವುದು, ಬಾಯಿ, ಸ್ತನ, ಗರ್ಭಕಂಠ ಈ ಮೂರು ಕ್ಯಾನ್ಸರ್‌ಗೆ ತಪಾಸಣೆ, ಬೇಕಾದರೆ ಇ-ಸಂಜೀವಿನಿಯಲ್ಲಿ ಡಾಕ್ಟರಿಗೆ ವಿಡಿಯೋ ಕರೆ, ಮಾತ್ರೆ ಕೊಡುವುದು. ಗುಟ್ಕಾ ಹಾಕುವವರ ಬಾಯಿ ನೋಡುವುದೇ ನಮ್ಮ ಕಡೆ ಒಂದು ದೊಡ್ಡ ಕೆಲಸ. ಬಾಯಿ ಪೂರ್ತಿ ತೆರೆಯೋಕೆ ಆಗುವುದಿಲ್ಲ ಅಂತ ಗೊತ್ತಾದರೂ "ಹಲ್ಲು ನೋವು ಅಷ್ಟೇ" ಅಂತಾರೆ.

ಅಡ್ಡಿ ಏನೆಂದರೆ ಈ ಹುದ್ದೆಗೆ ಬಿಎಸ್ಸಿ ನರ್ಸಿಂಗ್ ಅಥವಾ ಪೋಸ್ಟ್ ಬೇಸಿಕ್ ಆದವರಿಗೆ ದಾರಿ ಸಲೀಸು, ಅದರಲ್ಲೂ ಸಮುದಾಯ ಆರೋಗ್ಯದ ಕೋರ್ಸು ಸೇರಿರುವ ಪಠ್ಯ ಓದಿದವರಿಗೆ. ಬರೀ ಜಿಎನ್‌ಎಂ ಇಟ್ಟುಕೊಂಡು ಕಾಯಬೇಡಿ. ಆರ್‌ಬಿಎಸ್‌ಕೆ ಸೇರಿ, ಎರಡು ವರ್ಷ ಊರಲ್ಲೇ ಇದ್ದು ದುಡ್ಡು ಉಳಿಸಿ, ಪೋಸ್ಟ್ ಬೇಸಿಕ್‌ಗೆ ಸೀಟು ಹಿಡಿಯಿರಿ. ಇದು ಗುತ್ತಿಗೆಯೇ, ಅದೂ ಗುತ್ತಿಗೆಯೇ, ಆದರೆ ಅಲ್ಲಿ ಕೇಂದ್ರ ನಿಮ್ಮದು. ಬೀಗದ ಕೈ ನನ್ನ ಸೊಂಟದಲ್ಲಿದೆ. ನೀರು ಬರುವುದಿಲ್ಲ, ಕರೆಂಟು ಹೋಗುತ್ತದೆ, ಅದೆಲ್ಲ ಇದೆ. ಆದರೂ ನೈಟ್ ಡ್ಯೂಟಿಯಲ್ಲಿ ಯಾರದೋ ಕೈಕೆಳಗೆ ಬೈಸಿಕೊಳ್ಳುವುದಕ್ಕಿಂತ ಇದೇ ಸೈ.

ಸಾಗರದ ಇನ್ಸ್‌ಪೆಕ್ಟರ್:
ಹುಡುಗರಿಗೂ ಒಂದು ಮಾತು ಇರಲಿ, ಇಲ್ಲಿ ಓದುವವರಲ್ಲಿ ಡಿಎಚ್‌ಐ ಮಾಡಿದವರು ಇರುತ್ತಾರೆ. ಪ್ಯಾರಾಮೆಡಿಕಲ್ ಬೋರ್ಡಿನ ಹೆಲ್ತ್ ಇನ್ಸ್‌ಪೆಕ್ಟರ್ ಡಿಪ್ಲೊಮಾ. ಹುದ್ದೆ ಹೆಸರು ಈಗ ಆರೋಗ್ಯ ನಿರೀಕ್ಷಣಾಧಿಕಾರಿ. ಊರಲ್ಲಿ ಮಾತ್ರ "ಸೊಳ್ಳೆ ಸಾಹೇಬರು". ಡ್ರಮ್ಮು, ಟೈರು, ಫ್ರಿಜ್ ಹಿಂದಿನ ತಟ್ಟೆ ಬಗ್ಗಿ ನೋಡಿ ಲಾರ್ವಾ ಹುಡುಕುವುದು, ಕುಡಿಯುವ ನೀರಿಗೆ ಕ್ಲೋರಿನ್, ಜ್ವರ ಬಂದವರ ರಕ್ತದ ಹನಿ ಗಾಜಿನ ಮೇಲೆ ತೆಗೆದು ಪರೀಕ್ಷೆಗೆ ಕಳಿಸುವುದು.

ನಮ್ಮ ಮಲೆನಾಡಲ್ಲಿ ಇದರ ಮೇಲೆ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು, ಇವತ್ತಿಗೂ ಬೇಸಿಗೆಗೆ ಮುಂಚೆ ಶುರು. ಮಂಗ ಸತ್ತ ಸುದ್ದಿ ಬಂದರೆ ಅದೇ ನಮ್ಮ ಸೈರನ್. ದರಗು (ಒಣ ಎಲೆ) ತರಲು ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚುತ್ತೇವೆ, ಈ ಕಾಯಿಲೆ ಹರಡುವ ಉಣುಗು ಕಚ್ಚದಿರಲಿ ಅಂತ. ಹಂಚುವುದು ಸುಲಭ, ಹಚ್ಚಿಸುವುದು ಕಷ್ಟ. "ವಾಸನೆ ಮಾರಾಯ್ರೆ" ಅಂತ ಬಾಟ್ಲಿ ಅಟ್ಟದ ಮೇಲೆ ಇಟ್ಟಿರುತ್ತಾರೆ. ಮೇಲೆ ಡಾಕ್ಟ್ರು ಚೀಟಿ ಬಗ್ಗೆ ಹೇಳಿದರಲ್ಲ, ಅದೇ ಕತೆ. ಖಾಯಂ ನೇಮಕಾತಿ ಬಹಳ ಅಪರೂಪಕ್ಕೆ ಬರುತ್ತದೆ, ಬಂದಾಗ ಮಾತ್ರ ಬಿಡಬೇಡಿ.

ಕೆಲಸ ಗ್ಯಾರಂಟಿ:
ಸಿಸ್ಟರ್, ನಿಮ್ಮ ಜಿಲ್ಲೆಯ ಲಿಸ್ಟಿನಲ್ಲಿ ಹೆಸರು ಬರಿಸುವುದು ನಮ್ಮ ಜವಾಬ್ದಾರಿ. ಒಳಗೆ ಜನ ಇದ್ದಾರೆ. ಇನ್‌ಬಾಕ್ಸ್‌ಗೆ ಬನ್ನಿ, ಅರ್ಧ ಈಗ, ಅರ್ಧ ಆರ್ಡರ್ ಆದ ಮೇಲೆ.

ನಿರ್ವಾಹಕರು:
ಮೇಲಿನ ಖಾತೆಯನ್ನು ತೆಗೆದಿದ್ದೇವೆ. ಮಾತನ್ನು ಬೇಕೆಂದೇ ಉಳಿಸಿದ್ದೇವೆ, ಇವರು ಹೀಗೇ ಬರುತ್ತಾರೆ ಅಂತ ಎಲ್ಲರಿಗೂ ಗೊತ್ತಾಗಲಿ.

ಗದಗ ಸಿಎಚ್‌ಒ:
ನನ್ನ ಗೆಳತಿಯ ತಮ್ಮ ಹೀಗೇ ಎಂಬತ್ತು ಸಾವಿರ ಕಳೆದುಕೊಂಡ. ಸೀಲು, ಸಹಿ ಎಲ್ಲ ಇದ್ದ ಆರ್ಡರ್ ಕಾಪಿ ಹಿಡಿದುಕೊಂಡು ಕಚೇರಿಗೆ ಹೋದರೆ ಅಲ್ಲಿ ಅಂಥ ಹುದ್ದೆಯೇ ಇರಲಿಲ್ಲ. ಫೋಟೋ ನೋಡಿ ನಂಬಬೇಡಿ ತಂಗಿ, ಜಿಲ್ಲೆಯ ಅಧಿಕೃತ ಜಾಲತಾಣದಲ್ಲಿ ಅದೇ ಪ್ರಕಟಣೆ ಇದೆಯಾ ನೋಡಿ. ಅಲ್ಲಿ ಇಲ್ಲದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ನೋಟಿಸ್ ಬೋರ್ಡಿಗೆ ಒಂದು ಸಲ ಹೋಗಿ ಬನ್ನಿ.

ಇಂಟರ್‌ನ್ಯಾಶನಲ್ ನರ್ಸಮ್ಮ:
ನಾನು ಬೆಂಗಳೂರಿನ ಒಂದು ಖಾಸಗಿ ಶಾಲೆಯ ಸಿಕ್ ರೂಮಿನಲ್ಲಿ ಇದ್ದೇನೆ, ಹೆಸರಿನಲ್ಲಿ ಇಂಟರ್‌ನ್ಯಾಶನಲ್ ಇರುವ ಸಾವಿರ ಶಾಲೆಗಳಲ್ಲಿ ಒಂದು. ನೈಟ್ ಡ್ಯೂಟಿ ಇಲ್ಲ, ಭಾನುವಾರ ರಜೆ, ಎಸಿ. ದಿನಕ್ಕೆ ಇಪ್ಪತ್ತು ಮಕ್ಕಳು ಬರುತ್ತಾರೆ, ಹದಿನೈದು ಜನಕ್ಕೆ ಗಣಿತದ ಕ್ಲಾಸ್ ಬೇಡವಾಗಿರುತ್ತದೆ. ಒಂದು ಪ್ಯಾರಾಸಿಟಮಾಲ್ ಕೊಡಬೇಕಾದರೂ ಪೋಷಕರಿಗೆ ಫೋನ್ ಮಾಡಿ ಒಪ್ಪಿಗೆ ತೆಗೆದುಕೊಂಡು ಬರೆದಿಡಬೇಕು, ಅದು ಸರಿಯೇ. ಮಕ್ಕಳ ಅಲರ್ಜಿ, ಫಿಟ್ಸ್, ಇನ್ಸುಲಿನ್ ತೆಗೆದುಕೊಳ್ಳುವವರ ಪಟ್ಟಿ ನನ್ನ ತಲೆಯಲ್ಲೇ ಇದೆ.

ಆದರೆ ಒಂದು ವಿಷಯ ಕೇಳಿಕೊಳ್ಳಿ: ಏಪ್ರಿಲ್, ಮೇ ಸಂಬಳ ಕೊಡುತ್ತಾರಾ? ನನಗೆ ಮೊದಲ ವರ್ಷ ಕೊಡಲಿಲ್ಲ. ಒಪ್ಪಂದದಲ್ಲಿ ಹತ್ತು ತಿಂಗಳು ಅಂತ ಚಿಕ್ಕ ಅಕ್ಷರದಲ್ಲಿತ್ತು. ಆಮೇಲೆ ಇಲ್ಲಿ ಕಲಿಯುವುದು ಕಡಿಮೆ. ಮೇಷ್ಟ್ರು ಹೇಳಿದ ಕಿವಿ ಸೋರುವ ಹುಡುಗ ನನ್ನ ಹತ್ತಿರ ಬರುವುದೇ ಇಲ್ಲ, ಅವನನ್ನು ಅವರಮ್ಮ ಮೊದಲೇ ಇಎನ್‌ಟಿಗೆ ತೋರಿಸಿರುತ್ತಾರೆ. ಇದು ತಡೆಯುವ ಕೆಲಸಕ್ಕಿಂತ ಕಾಯುವ ಕೆಲಸ.

ಇನ್ನೊಂದು, ಸರ್ಕಾರಿ ವಸತಿ ಶಾಲೆಗಳಿಗೂ ನರ್ಸ್ ತೆಗೆದುಕೊಳ್ಳುತ್ತಾರೆ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಶಾಲೆಗಳಿಗೆ. ಅಲ್ಲಿ ಮಕ್ಕಳ ಜೊತೆಗೇ ಇರಬೇಕು. ರಾತ್ರಿ ಎರಡು ಗಂಟೆಗೆ ಜ್ವರ ಬಂದರೂ ಬಾಗಿಲು ತಟ್ಟುವುದು ನಿಮ್ಮದೇ. ಅಂದರೆ ನೈಟ್ ಡ್ಯೂಟಿ ಬಿಟ್ಟಂತೆ ಆಗುವುದಿಲ್ಲ 🙂

ಓದುವ ಹುಚ್ಚು:
ಯಾರೂ ಸ್ವಯಂಸೇವಾ ಸಂಸ್ಥೆಗಳ ಬಗ್ಗೆ ಹೇಳಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಕರುಣಾ ಟ್ರಸ್ಟ್, ಸರಗೂರಿನ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಕೆಎಚ್‌ಪಿಟಿ (ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್) ಇಂಥ ಕಡೆ ಕ್ಷೇತ್ರ ಸಂಯೋಜಕರು, ಆಪ್ತಸಮಾಲೋಚಕರು ಅಂತ ತೆಗೆದುಕೊಳ್ಳುತ್ತಾರೆ. ಯೋಜನೆ ಮುಗಿದರೆ ಕೆಲಸವೂ ಮುಗಿಯಬಹುದು, ಆದರೆ ಬರೆಯುವುದು, ಲೆಕ್ಕ ನೋಡುವುದು ಕಲಿಯುತ್ತೀರಿ. ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಮಾಡಿದವರಿಗೆ ಹದಿಹರೆಯದವರ ಸ್ನೇಹ ಕ್ಲಿನಿಕ್‌ಗಳಲ್ಲಿ ಆಪ್ತಸಮಾಲೋಚಕ ಹುದ್ದೆ ಇರುತ್ತದೆ. ಪದವಿ ಆದ ಮೇಲೆ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದಬಹುದು, ನಿಮ್ಹಾನ್ಸ್‌ನಲ್ಲೂ ಇದೆ. ನಾನು ಓದಿದೆ. ನಿಜ ಹೇಳಬೇಕೆಂದರೆ ಫೀಲ್ಡ್ ನೋಡದೇ ಓದಿದೆ, ಮೊದಲ ವರ್ಷ ಕ್ಲಾಸಿನಲ್ಲಿ ಒಬ್ಬ ಎಎನ್‌ಎಂ ಅಕ್ಕ ಎದ್ದು ಕೇಳಿದ ಪ್ರಶ್ನೆಗಳು ನನಗೆ ಅರ್ಥವೇ ಆಗಿರಲಿಲ್ಲ. ನೀವು ಆ ಅಕ್ಕನ ದಾರಿಯಲ್ಲಿ ಹೋಗಿ.

ಒಬ್ಬ ಅಪ್ಪ:
ನಾನು ಆರೋಗ್ಯ ಇಲಾಖೆಯವನಲ್ಲ. ಗಾರೆ ಕೆಲಸ. ಮಗ ಓದಿ ಹೇಳಿದ, ನಾನು ಹೇಳಿದ್ದನ್ನು ಅವನೇ ಟೈಪ್ ಮಾಡುತ್ತಿದ್ದಾನೆ.

ನನ್ನ ಮಗಳಿಗೆ ನಾಲ್ಕು ವರ್ಷ ಇದ್ದಾಗ ಅಂಗನವಾಡಿಗೆ ಗಾಡಿ ಬಂತು. ಹೃದಯದಲ್ಲಿ ಶಬ್ದ ಇದೆ ಅಂತ ಚೀಟಿ ಕೊಟ್ಟರು. ನನಗೆ ಸಿಟ್ಟು ಬಂತು, ಆಡಿಕೊಂಡಿರುವ ಮಗುವಿಗೆ ಇಲ್ಲದ ರೋಗ ಹೇಳುತ್ತಾರೆ ಅಂತ. ಚೀಟಿ ಗೋಡೆಗೆ ಸಿಕ್ಕಿಸಿ ಮರೆತೆ. ಹದಿನೈದು ದಿನ ಆದ ಮೇಲೆ ಆ ನರ್ಸಮ್ಮ ಮನೆಗೆ ಬಂದರು, ನಾನು ಬೈದು ಕಳಿಸಿದೆ. ಮತ್ತೆ ಬಂದರು, ನಾನು ಕೆಲಸಕ್ಕೆ ಹೋಗಿದ್ದೆ, ಹೆಂಡತಿ ಜೊತೆ ಒಂದು ಗಂಟೆ ಕೂತು ಹೋದರಂತೆ. ಮೂರನೇ ಸಲ ಭಾನುವಾರ ಬಂದರು. ಅವರಿಗೂ ರಜೆ ಅಲ್ವಾ ಆವತ್ತು. "ಅಣ್ಣಾ, ಮಗು ಮೆಟ್ಟಿಲು ಹತ್ತಿದಾಗ ಕೂತುಬಿಡುತ್ತಾ ಇಲ್ವಾ, ಅಷ್ಟು ಹೇಳು" ಅಂದರು. ಕೂರುತ್ತಿದ್ದಳು. ಸೋಮಾರಿ ಅಂತ ನಾವು ನಗುತ್ತಿದ್ದೆವು.

ಜಿಲ್ಲಾ ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು, ಆಪರೇಷನ್ ಆಯಿತು, ಆಸ್ಪತ್ರೆಗೆ ನಾನು ದುಡ್ಡು ಕಟ್ಟಲಿಲ್ಲ. ಈಗ ಆರನೇ ಕ್ಲಾಸು, ಕೊಕ್ಕೊ ಆಡುತ್ತಾಳೆ. ಆಯಮ್ಮನ ಗುತ್ತಿಗೆ ಮುಗಿದು ಬೇರೆ ಊರಿಗೆ ಹೋದರಂತೆ, ನಂಬರು ಸಿಗಲಿಲ್ಲ.

ಚಳ್ಳಕೆರೆ ಹುಡುಗಿ:
ಎರಡು ದಿನದಿಂದ ಎಲ್ಲಾ ಓದುತ್ತಿದ್ದೆ, ಡ್ಯೂಟಿ ಮಧ್ಯೆ. ಗಾರೆ ಕೆಲಸದ ಅಣ್ಣನ ಮಾತನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ, ಆಮೇಲೆ "ಗಾಡಿಯಲ್ಲಿ ಹೋಗಿ ಬರೋದಾ, ಬಸ್ಸಾ" ಅಂತ ಕೇಳಿದರು. ಅಂದರೆ ಒಪ್ಪಿದರು ಅಂತ ಅರ್ಥ ನಮ್ಮ ಮನೆಯಲ್ಲಿ.

ಪ್ರಕಟಣೆ ಜಿಲ್ಲೆಯ ಜಾಲತಾಣದಲ್ಲೂ ಇದೆ, ನೋಡಿದೆ. ಗುರುವಾರ ನೇರ ಸಂದರ್ಶನ. ಏನೇನು ಒಯ್ಯಬೇಕು? ನರ್ಸಿಂಗ್ ಕೌನ್ಸಿಲ್ ನೋಂದಣಿಯ ಅವಧಿ ಕಳೆದ ತಿಂಗಳು ಮುಗಿದಿದೆ, ಇನ್ನೂ ನವೀಕರಿಸಿಲ್ಲ, ಅದು ತೊಂದರೆ ಆಗುತ್ತಾ?

ಜೀಪಿನ ಡಾಕ್ಟ್ರು:
ಆಗುತ್ತದೆ. ಇವತ್ತೇ ನವೀಕರಣಕ್ಕೆ ಅರ್ಜಿ ಹಾಕಿ ಅದರ ರಸೀದಿ ಇಟ್ಟುಕೊಳ್ಳಿ, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟಿದ್ದು, ಆದರೆ ಬರಿಗೈಯಲ್ಲಿ ಹೋಗಬೇಡಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಜಿಎನ್‌ಎಂನ ಎಲ್ಲಾ ವರ್ಷದ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್, ಅನುಭವ ಪತ್ರ. ಮೂಲ ಒಂದು ಫೈಲು, ಜೆರಾಕ್ಸ್ ಎರಡು ಸೆಟ್ ಬೇರೆ. ಅಂಕದ ಮೇಲೆ, ಮೀಸಲಾತಿ ರೋಸ್ಟರ್ (ಯಾವ ವರ್ಗಕ್ಕೆ ಯಾವ ಹುದ್ದೆ ಎಂಬ ಕ್ರಮ) ಮೇಲೆ ಪಟ್ಟಿ ಮಾಡುತ್ತಾರೆ, ಆದ್ದರಿಂದ ಜಾತಿ ಪ್ರಮಾಣಪತ್ರದ ಅವಧಿ ನೋಡಿಕೊಳ್ಳಿ. ನಿಮ್ಮ ನರ್ಸಿಂಗ್ ಹೋಮ್ ಅನುಭವ ಪತ್ರ ಕೊಡುತ್ತಾ?

ಚಳ್ಳಕೆರೆ ಹುಡುಗಿ:
ಕೇಳಿದೆ ಸರ್. ಒಂದು ತಿಂಗಳು ಮುಂಚೆ ನೋಟಿಸ್ ಕೊಟ್ಟರೆ ಕೊಡುತ್ತಾರಂತೆ. ಸೇರಿಸಿಕೊಳ್ಳುವಾಗ ಕಾಗದ ಇರಲಿಲ್ಲ, ಬಿಡುವಾಗ ಮಾತ್ರ ಬೇಕು.

ಆಶಾ ಅಕ್ಕ:
ಹಾಗಾದರೆ ಮೂರು ವರ್ಷದ ಸಂಬಳ ಬಿದ್ದ ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಹೋಗು ತಂಗಿ. ಅನುಭವಕ್ಕೆ ಅಂಕ ಇರಲಿ ಇಲ್ಲದಿರಲಿ, ಕೇಳಿದರೆ ತೋರಿಸುವುದಕ್ಕೆ ಏನಾದರೂ ಬೇಕಲ್ಲ. ಗುರುವಾರ ಬೆಳಿಗ್ಗೆ ಎಂಟಕ್ಕೇ ಹೋಗು, ಹತ್ತು ಅಂತ ಬರೆದಿದ್ದರೂ ಟೋಕನ್ ಎಂಟೂವರೆಗೇ ಮುಗಿದಿರುತ್ತದೆ. ತಿಂಡಿ ತಿಂದು ಹೋಗು.